ಮಳೆ ನಂಬಿದ ಎರೆ ಹೊಲ, ಬರೆದು ಬದುಕುವ ಕಸುಬು: ಯಲಬುರ್ಗಾ ಸೀಮೆಯ ನನ್ನ ಅನುಭವ

ಬೆಂಗಳೂರು ಬಿಟ್ಟು ಊರಿಗೆ ಬಂದು ಹೊಲ ಮಾಡುತ್ತಿದ್ದೇನೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಬೋರ್ ಇದೆಯಾ?" ಇಲ್ಲ ಅಂದರೆ, "ಮತ್ತೆ ಯಾವಾಗ ಹಾಕಿಸ್ತೀರಿ?" ಹಾಕಿಸುವುದಿಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪಾಪ, ದುಡ್ಡಿಲ್ಲ ಅಂತಲೋ, ನಾಲ್ಕು ದಿನದ ಹುಚ್ಚು ಅಂತಲೋ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ನಾನು ಬರೆದು ಬದುಕುವವಳು. ಅನುವಾದ, ಅಂಕಣ, ಬೇರೆಯವರ ಪುಸ್ತಕದ ಕರಡು ತಿದ್ದಿಕೊಡುವುದು, ಇದೇ ನನ್ನ ಕಸುಬು. ಬರೆಯುವ ಕೆಲಸ ಬಿಡದೆ ಬೇಸಾಯವನ್ನೂ ಮಾಡಬೇಕು ಅನ್ನುವವರಿಗೆ ಮಳೆ ನಂಬಿದ ಎರೆ ಹೊಲವೇ, ಅಂದರೆ ಕಪ್ಪು ಮಣ್ಣಿನ ಹೊಲವೇ, ಸರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಮ್ಮೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿದೆ. ಕೊಪ್ಪಳ ಅಂದರೆ ಹೊರಗಿನವರಿಗೆ ನೆನಪಾಗುವುದು ತುಂಗಭದ್ರಾ ಡ್ಯಾಂ, ಗಂಗಾವತಿಯ ಭತ್ತ, ಸೋನಾ ಮಸೂರಿ ಅಕ್ಕಿ. ಅದು ಹೊಳೆಯ ಬದಿಯ ಕೊಪ್ಪಳ. ಭಾನಾಪುರ, ಕುಕನೂರು ದಾಟಿ ನಮ್ಮ ಕಡೆ ಬನ್ನಿ, ಎಲ್ಲವೂ ಬೇರೆ. ಕಾಲುವೆ ಇಲ್ಲ. ಕಣ್ಣು ಹಾಯಿಸಿದಷ್ಟೂ ಕರಿ ಎರೆ, ಅಲ್ಲಲ್ಲಿ ಮಸಾರಿಯ ಕೆಂಪು ಮಣ್ಣು, ನಡುನಡುವೆ ತಿರುಗುವ ಗಾಳಿ ಫ್ಯಾನುಗಳು. ಕೃಷ್ಣೆ ನೀರು ಏತ ನೀರಾವರಿಯಲ್ಲಿ ಬರುತ್ತದೆ ಅನ್ನುವ ಮಾತನ್ನು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದೇನೆ. ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ. ಅದರಲ್ಲೂ ಜೋರಾಗಿ ಬರುವುದು ಸೆಪ್ಟೆಂಬರಿನಲ್ಲಿ. ಹಾಗಾಗಿ ನಮ್ಮದು ಹಿಂಗಾರಿ ಸೀಮೆ. ಬಿಳಿಜೋಳ, ಕಡಲೆ, ಬದುವಿನ ಸಾಲಿಗೆ ಒಂದಿಷ್ಟು ಕುಸುಬೆ, ಅಗಸೆ.

ಹೊಲ ನನ್ನ ಹೆಸರಿಗೆ ಆದದ್ದನ್ನು ಮೊದಲು ಹೇಳಿಬಿಡಬೇಕು. ಇದನ್ನು ಓದುವ ಹೆಣ್ಣುಮಕ್ಕಳಿಗೆ ಬೇರೆಲ್ಲಕ್ಕಿಂತ ಇದೇ ಉಪಯೋಗಕ್ಕೆ ಬರಬಹುದು. ಅಪ್ಪ ತೀರಿಕೊಂಡ ಮೇಲೆ ಫೌತಿ ಖಾತೆ ಮಾಡಿಸುವಾಗ, ಅಂದರೆ ಅವರ ಹೆಸರಲ್ಲಿದ್ದ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ, ನೆಂಟರೆಲ್ಲ ಸೇರಿ ಹೇಳಿದ್ದು ಒಂದೇ ಮಾತು. ಅಣ್ಣನ ಹೆಸರಿಗೆ ಬಿಟ್ಟುಕೊಡು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು, ನಿನಗ್ಯಾಕೆ ಹೊಲ. ನಮ್ಮ ಕಡೆ ಹೆಣ್ಣುಮಕ್ಕಳು ಅರಿಷಿಣ ಕುಂಕುಮ, ಒಂದು ಸೀರೆ ಇಸಕೊಂಡು ಸಹಿ ಹಾಕಿ ಹೋಗುವುದೇ ರೂಢಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂದು ಇಷ್ಟು ವರ್ಷವಾಯಿತು. ಆ ದಿನ ಅಪ್ಪ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯವಲ್ಲ, ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೆ ಕಾನೂನು ಮನೆ ಕಟ್ಟೆಯ ತನಕ ಬರುವುದು ನಾವು ಬಾಯಿಬಿಟ್ಟು ಕೇಳಿದಾಗ ಮಾತ್ರ. ನಾನು ಕೇಳಿದೆ. ಅಣ್ಣ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ದೊಡ್ಡ ಮನಸ್ಸಿನವನು. "ನೀ ಬಂದು ಮಾಡ್ತೀ ಅಂದ್ರ ನನಗೇನೂ ತಕರಾರಿಲ್ಲ" ಅಂದ. ವಾಟ್ನಿ ಆಯಿತು, ಅಂದರೆ ಹೊಲ ಪಾಲಾಯಿತು. ನನ್ನ ಪಾಲಿಗೆ ಎಂಟು ಎಕರೆ ಎರೆ ಬಂತು.

ಹೊಲದ ಸರ್ಕಾರಿ ದಾಖಲೆಯಾದ ಪಹಣಿಯಲ್ಲಿ ಹೆಸರು ಬರುವ ತನಕ ಊರಿಗೆ ಬರುವ ಅವಸರ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜ ಬೇಕೆಂದರೆ, ಬೆಳೆ ವಿಮೆ ಕಟ್ಟಬೇಕೆಂದರೆ, ಬೆಂಬಲ ಬೆಲೆಗೆ ಕಡಲೆ ಕೊಡಬೇಕೆಂದರೆ, ಎಲ್ಲದಕ್ಕೂ ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಕೇಳುತ್ತಾರೆ. ಪಹಣಿ ನಿಮ್ಮ ಹೆಸರಲ್ಲಿಲ್ಲದಿದ್ದರೆ ಆ ನಂಬರಿನಲ್ಲಿ ನಿಮ್ಮ ಹೊಲ ಇರುವುದಿಲ್ಲ. ಹೊಲದಲ್ಲಿ ದುಡಿಯುವವರು ನೀವೇ ಆದರೂ ಲೆಕ್ಕದಲ್ಲಿ ನೀವಿಲ್ಲ.

ಎರಡನೆಯ ವಿಷಯ ಇನ್ನೂ ನಾಜೂಕಿನದು. ಆ ಹೊಲ ಖಾಲಿ ಬಿದ್ದಿರಲಿಲ್ಲ. ಅಪ್ಪನ ಕಾಲದಿಂದಲೂ ಒಬ್ಬರು ಅದನ್ನು ಪಾಲಿಗೆ, ಅಂದರೆ ಬಂದ ಬೆಳೆ ಹಂಚಿಕೊಳ್ಳುವ ಮಾತಿನ ಮೇಲೆ ಮಾಡುತ್ತಿದ್ದರು. ನೆಂಟರಲ್ಲ, ಆದರೆ ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಊರು ಬಿಟ್ಟವರು ವಾಪಸ್ಸು ಬರುವ ಕಥೆಗಳಲ್ಲಿ ಇಂಥವರ ಸುದ್ದಿಯೇ ಇರುವುದಿಲ್ಲ, ಅಲ್ವಾ? ನಾನು ಬರುತ್ತೇನೆ ಅಂದರೆ ಅವರ ಮನೆಯ ಜೋಳ ಹೋಗುತ್ತದೆ. ಇದು ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡು ಬರಲು ನನಗೆ ಮನಸ್ಸಾಗಲಿಲ್ಲ. ಬ್ಯಾಗು ಕಟ್ಟುವ ಮುಂಚೆಯೇ ಅವರ ಮನೆಗೆ ಹೋಗಿ ಕೂತು ಮಾತಾಡಿದೆ.

"ಹೊಲ ನಿಂದು ಯವ್ವಾ, ಬಿಡಂದ್ರ ಬಿಡ್ತೀನಿ. ಆದ್ರ ಈ ಹೊಲದಾಗ ನೀರು ಎಲ್ಲಿ ನಿಲ್ತೈತಿ, ಎಲ್ಲಿ ಬಸಿತೈತಿ ಅನ್ನೋದು ನನಗೊಬ್ಬಂಗ ಗೊತ್ತೈತಿ" ಅಂದರು.

ಬೇಡಿಕೊಂಡ ಮಾತಲ್ಲ ಅದು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ನಾಲ್ಕು ಎಕರೆ ಅವರೇ ಪಾಲಿಗೆ ಮಾಡುವುದು, ಉಳಿದ ನಾಲ್ಕು ಎಕರೆ ನಾನು ಮಾಡುವುದು, ನನ್ನ ಕಡೆಯ ಬಿತ್ತನೆಗೂ ರಾಶಿಗೂ ಅವರು ಜೊತೆಗಿರುವುದು, ಅದಕ್ಕೆ ಬೇರೆ ಲೆಕ್ಕ. ಹೀಗೆ ಮಾತಾಯಿತು. ಇವತ್ತಿಗೂ ಹಾಗೇ ನಡೆದಿದೆ. ನನಗೆ ಬೇಸಾಯ ಕಲಿಸಿದ್ದು ಯೂಟ್ಯೂಬೂ ಅಲ್ಲ, ಪುಸ್ತಕವೂ ಅಲ್ಲ, ಈ ಕಾಕಾ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೇಳಿದ್ದನ್ನು ಕೇಳಿಕೊಂಡು ಬಂದು ಅವರ ಮುಂದೆ ಇಡುತ್ತೇನೆ. ಅವರು ಒಪ್ಪಿದ್ದನ್ನು ನನ್ನ ನಾಲ್ಕು ಎಕರೆಯಲ್ಲಿ ಮಾಡುತ್ತೇನೆ. ಬೀಜೋಪಚಾರ ಹಾಗೇ ಬಂದದ್ದು. ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಹಚ್ಚಿ ಬಿತ್ತಿದ ಕಡಲೆಯಲ್ಲಿ ಗಿಡ ಸೊರಗಿ ಒಣಗುವ ಸಿಡಿರೋಗ ಕಡಿಮೆಯಾದದ್ದನ್ನು ಕಣ್ಣಾರೆ ನೋಡಿದ ಮೇಲೆ ಅವರೂ ತಮ್ಮ ನಾಲ್ಕು ಎಕರೆಗೆ ಹಚ್ಚತೊಡಗಿದರು.

ಇನ್ನು ಹದದ ಮಾತು, ಅಂದರೆ ಬಿತ್ತನೆಗೆ ಬೇಕಾದಷ್ಟು ತೇವದ ಮಾತು. ಎರೆ ಹೊಲದ ಇಡೀ ಬಾಳು ಇದರ ಮೇಲೇ ನಿಂತಿದೆ.

ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆ ಹೂಡುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಮಳೆ ಬಿದ್ದಾಗ ಆ ಬಿರುಕುಗಳ ಮೂಲಕವೇ ನೀರು ಆಳಕ್ಕೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಕೂತ ಆ ತೇವವೇ ಮುಂದಿನ ನಾಲ್ಕು ತಿಂಗಳ ಬಂಡವಾಳ. ಮಳೆ ನಿಂತ ಮೇಲೆ ದಿನಾ ಹೊಲಕ್ಕೆ ಹೋಗಿ ನೋಡಬೇಕು. ಕಾಕಾ ನಾಲ್ಕು ಬೆರಳು ಆಳ ಮಣ್ಣು ಕೆದರಿ ಒಂದು ಹಿಡಿ ತೆಗೆದು ಒತ್ತುತ್ತಾರೆ. ಅಂಗೈಗೆ ಅಂಟಿದರೆ ಇನ್ನೂ ಹಸಿ, ಬೀಜ ಬಿತ್ತುವ ಕೂರಿಗೆಯ ತಾಳಿಗೆ ಮೆತ್ತಿಕೊಂಡು ಸಾಲು ಕೆಡುತ್ತದೆ. ಉಂಡೆಯೇ ಕಟ್ಟದಿದ್ದರೆ ಹದ ಹೋಯಿತು, ಬೀಜ ಹುಟ್ಟುವುದು ಕಷ್ಟ. ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು. ಎದೆ ಮಟ್ಟದಿಂದ ಕೆಳಗೆ ಬಿಟ್ಟರೆ ನಾಲ್ಕಾರು ಹೆಂಟೆಯಾಗಿ ಒಡೆಯಬೇಕು. ರೊಟ್ಟಿ ಹಿಟ್ಟಿಗೆ ನೀರು ಸಾಕಾಯಿತು ಅಂತ ಅವ್ವನ ಕೈಗೆ ಗೊತ್ತಾಗುವ ಹಾಗೆ ಇದು ಅವರ ಕೈಗೆ ಗೊತ್ತಾಗುತ್ತದೆ. ಆ ಹದ ಇರುವುದು ಎರಡು ಮೂರು ದಿನ. ಅಷ್ಟರೊಳಗೆ ಊರಿಗೆ ಊರೇ ಬಿತ್ತಬೇಕು. ಎಲ್ಲರಿಗೂ ಅದೇ ಟ್ರ್ಯಾಕ್ಟರ್ ಬೇಕು, ಅದೇ ಕೂರಿಗೆ ಬೇಕು, ಅದೇ ಆಳು ಬೇಕು. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಬಿತ್ತಿದ್ದೂ ಉಂಟು.

ಆ ದಿನಗಳಲ್ಲಿ ನಾನು ಒಂದು ಸಾಲೂ ಬರೆಯುವುದಿಲ್ಲ. ನನಗೆ ಕೆಲಸ ಕೊಡುವವರಿಗೆಲ್ಲ ಆಗಸ್ಟಿನಲ್ಲೇ ಹೇಳಿಬಿಡುತ್ತೇನೆ: ಹಸ್ತಾದಿಂದ ಚಿತ್ತಾ ಮುಗಿಯುವ ತನಕ, ಅಂದರೆ ಅಕ್ಟೋಬರ್ ಮೂರನೇ ವಾರದವರೆಗೆ ನನ್ನಿಂದ ಏನೂ ನಿರೀಕ್ಷಿಸಬೇಡಿ. ಮೊದಮೊದಲು ಅವರಿಗೆ ವಿಚಿತ್ರ ಅನ್ನಿಸಿತು. ಈಗ ಅವರೇ ಫೋನ್ ಮಾಡಿ "ಮಳೆ ಆಯ್ತಾ ಮೇಡಂ?" ಅಂತ ಕೇಳುತ್ತಾರೆ.

ಎರೆ ಹೊಲದ ಗುಣ ಇದು. ಕೆಲಸ ಬಂದಾಗ ರಾಶಿ ರಾಶಿ ಬರುತ್ತದೆ, ಉಸಿರಾಡಲು ಬಿಡುವುದಿಲ್ಲ. ಮುಗಿದ ಮೇಲೆ ನಿಮ್ಮನ್ನು ಪೂರಾ ಬಿಟ್ಟುಬಿಡುತ್ತದೆ. ಬರೆಯುವವರಿಗೆ ಬೇಕಿರುವುದು ಈ ಬಿಡುವು. ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಅದರಲ್ಲಿ ಪುಸ್ತಕ ಆಗುವುದಿಲ್ಲ. ವಾರಗಟ್ಟಲೆ ಒಂದೇ ಯೋಚನೆಯಲ್ಲಿ ಮುಳುಗಿರುವುದಕ್ಕೆ ಆಗಬೇಕು. ಎಮ್ಮೆ ಕಟ್ಟಿದವರಿಗೆ ಅದು ಸಾಧ್ಯವಿಲ್ಲ, ಬೆಳಿಗ್ಗೆ ಸಂಜೆ ಹಾಲು ಹಿಂಡಲೇಬೇಕು. ದಾಳಿಂಬೆ ಹಾಕಿದವರಿಗೆ ಇನ್ನೂ ಕಷ್ಟ. ಪಕ್ಕದ ಕುಷ್ಟಗಿ ತಾಲ್ಲೂಕು ದಾಳಿಂಬೆಗೆ ಹೆಸರಾಗಿತ್ತು. ದುಂಡಾಣು ಅಂಗಮಾರಿ ರೋಗ ಬಂದು ಗಿಡಗಳನ್ನೇ ಕಿತ್ತು ಹಾಕಿದವರು ಎಷ್ಟು ಜನ! ಲಕ್ಷಗಟ್ಟಲೆ ಸಾಲ ಮಾಡಿ ಬೋರ್ ಕೊರೆಸಿ, ಹನಿ ನೀರಾವರಿ ಹಾಕಿ, ಮೇಲಿಂದ ಮೇಲೆ ಔಷಧ ಹೊಡೆಯುವ ಬೆಳೆ ನಿಮ್ಮ ತಲೆಯಲ್ಲಿ ಬೇರೆ ಯೋಚನೆಗೆ ಜಾಗ ಕೊಡುವುದಿಲ್ಲ. ಬೆಂಗಳೂರಿನ ಆಫೀಸಿನಲ್ಲಿದ್ದ ಒತ್ತಡವನ್ನೇ ಹೊಲಕ್ಕೆ ತಂದುಕೊಂಡ ಹಾಗಾಗುತ್ತದೆ.

ಕಾಲುವೆ ನೀರಿದ್ದರೆ ನೆಮ್ಮದಿ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಚಿಕ್ಕಮ್ಮನ ಮನೆ ಕಾರಟಗಿ ಕಡೆ, ಪೂರಾ ಭತ್ತದ ಸೀಮೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ಚಿಕ್ಕಮ್ಮನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾಟಿ ಮಾಡಿದ ಗದ್ದೆ ಕಣ್ಣೆದುರಿಗಿದೆ, ತುಂಬಿದ ಡ್ಯಾಂ ಖಾಲಿಯಾಗುತ್ತಿದೆ. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಆ ಕೆಲಸ ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ನಮ್ಮ ಚಿಂತೆ ಮೋಡದ ಮೇಲೆ, ಕಾಲುವೆ ನಂಬಿದವರದು ಗೇಟಿನ ಮೇಲೆ. ಚಿಂತೆಯಿಲ್ಲದ ಹೊಲ ಇಲ್ಲ.

ವರ್ಷ ಹೇಗೆ ಸಾಗುತ್ತದೆ ಅಂತ ಹೇಳುತ್ತೇನೆ. ಬೇಸಿಗೆಯಲ್ಲಿ ಮಾಗಿ ಉಳುಮೆ, ಕರಿಕೆ ಹುಲ್ಲು ಆರಿಸುವುದು. ಕರಿಕೆ ಬೇರು ಎರೆಯಲ್ಲಿ ಮೊಳಗಟ್ಟಲೆ ಆಳ ಇಳಿದಿರುತ್ತದೆ, ಬಿಸಿಲಿಗೆ ಒಣಗಿಸದಿದ್ದರೆ ಹೋಗುವುದಿಲ್ಲ. "ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ" ಅಂತ ಗಾದೆ ಇದೆ. ನಮ್ಮಲ್ಲಿ ರೋಹಿಣಿ, ಮಿರಗ (ಮೃಗಶಿರಾ) ಚೆನ್ನಾಗಿ ಆದ ವರ್ಷ ಎರಡು ಎಕರೆಗೆ ಹೆಸರುಕಾಳು ಬಿತ್ತುತ್ತೇವೆ. ಎರಡು ತಿಂಗಳು ಚಿಲ್ಲರೆಗೆ ಕೈಗೆ ಬರುತ್ತದೆ, ಹೊಲಕ್ಕೂ ಒಳ್ಳೆಯದು. ಮಳೆ ಇಲ್ಲದಿದ್ದರೆ ಸುಮ್ನೆ ಖಾಲಿ ಬಿಟ್ಟು ಆಗಾಗ ಕುಂಟಿ ಹೊಡೆದು ಮೇಲಿನ ಮಣ್ಣು ಸಡಿಲ ಮಾಡಿ ಹಿಂಗಾರಿಗೆ ಕಾಯುತ್ತೇವೆ. ಆಮೇಲೆ ಹಸ್ತಾ, ಚಿತ್ತಾ. ಎಕರೆಗೆ ಮೂರು ಕೆಜಿ ಜೋಳ, ಇಪ್ಪತ್ತೈದು ಕೆಜಿ ಆಸುಪಾಸು ಕಡಲೆ. ಜೋಳ ಅಂದರೆ ನಮಗೆ ಮಾಲ್ದಂಡಿಯೇ, ಎಂ 35-1. ಹೊಸ ತಳಿಗಳು ಬಂದಿವೆ, ಆದರೆ ರೊಟ್ಟಿಯ ರುಚಿ, ಕಣಕಿಯ (ದನ ತಿನ್ನುವ ಜೋಳದ ದಂಟಿನ) ಸಿಹಿ ನೋಡಿದವರು ಬಿಡುವುದಿಲ್ಲ. ಕಡಲೆಯಲ್ಲಿ ಜೆಜಿ 11 ತಳಿ.

ಕಡಲೆ ಬೆಳೆ ನನಗೆ ತುಂಬ ಇಷ್ಟ. ಬಿತ್ತಿದ ಮೇಲೆ ಅದು ಮಳೆ ಕೇಳುವುದಿಲ್ಲ. ನೆಲದೊಳಗಿನ ತೇವ, ರಾತ್ರಿಯ ಚಳಿ, ಇಬ್ಬನಿ, ಇಷ್ಟರ ಮೇಲೇ ಬೆಳೆಯುತ್ತದೆ. ತಿಂಗಳಾದ ಮೇಲೆ ಕುಡಿ ಚಿವುಟಬೇಕು. ಕುಡಿ ಚಿವುಟಿದರೆ ಪಕ್ಕದ ಕವಲು ಒಡೆದು ಗಿಡ ಹರಡುತ್ತದೆ, ಕಾಯಿ ಜಾಸ್ತಿ ಹಿಡಿಯುತ್ತದೆ. ಆ ಕುಡಿಯೇ ಕಡ್ಲಿ ಪಲ್ಲೆ. ಓಣಿಯ ಹೆಣ್ಣುಮಕ್ಕಳೆಲ್ಲ ಉಡಿ ಕಟ್ಟಿಕೊಂಡು ಬರುತ್ತಾರೆ. ಹೊಲದಲ್ಲೇ ರೊಟ್ಟಿ, ಉಳ್ಳಾಗಡ್ಡಿ, ಶೇಂಗಾ ಚಟ್ನಿ ಜೊತೆ ಹಸಿಯಾಗಿ ತಿನ್ನುತ್ತಾರೆ. ಉಳಿದದ್ದನ್ನು ಒಣಗಿಸಿ ಬೇಸಿಗೆಗೆ ಇಡುತ್ತಾರೆ. ಗಿಡದ ಎಲೆ ಮೇಲೆ ಹುಳಿ ಇರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹೊಲದೊಳಗೆ ನಡೆದರೆ ಮೊಣಕಾಲಿನ ಕೆಳಗೆ ಚುರುಚುರು ಅನ್ನುತ್ತದೆ. ಅವ್ವ ಈಗಲೂ ಅಪ್ಪನ ಹಳೇ ಧೋತರ ತಂದು ಸಂಜೆ ಗಿಡಗಳ ಮೇಲೆ ಹಾಸಿ ಹೋಗುತ್ತಾಳೆ. ಬೆಳಕು ಹರಿಯುವ ಮುಂಚೆ ಹೋಗಿ ತೆಗೆದರೆ ಬಟ್ಟೆ ಒದ್ದೆಯಾಗಿ ಭಾರವಾಗಿರುತ್ತದೆ. ಅದನ್ನು ಹಿಂಡಿ ಬಾಟಲಿಗೆ ತುಂಬುತ್ತಾಳೆ. ಕಡ್ಲಿ ಹುಳಿ. ಹೊಟ್ಟೆನೋವು ಅಂತ ಬಂದವರಿಗೆ ಒಂದು ಚಮಚ ಕೊಡುವುದು ಅವಳ ಪದ್ಧತಿ.

ಹುಳದ ಕಾಟ ಬರುವುದು ಹೂ ಕಾಯಿ ಆಗುವ ಹೊತ್ತಿಗೆ. ಮೋಡ ಮುಸುಕಿದ ವಾತಾವರಣ ನಾಲ್ಕು ದಿನ ನಿಂತರೆ ಕಾಯಿಕೊರಕ ಬಂತು ಅಂತಲೇ ತಿಳಿಯಬೇಕು. ಹೊಲದ ತುಂಬ ಅಲ್ಲಲ್ಲಿ ಟಿ ಆಕಾರದ ಕಟ್ಟಿಗೆ ನೆಡುತ್ತೇವೆ. ಕಾಜಾಣ, ಗೊರವಂಕ ಬಂದು ಕೂತು ಹುಳ ಹೆಕ್ಕುತ್ತವೆ. ಕಡಲೆ ಜೊತೆ ಅಲ್ಲೊಂದು ಇಲ್ಲೊಂದು ಜೋಳದ ಗಿಡ ಬಿಡುವುದೂ ಅದಕ್ಕೇ. ಬೇವಿನ ಬೀಜದ ಕಷಾಯ ಮೊದಲೇ ಹೊಡೆದರೆ ಕೆಲಸ ಮಾಡುತ್ತದೆ, ಹುಳ ದೊಡ್ಡದಾದ ಮೇಲೆ ಮಾಡುವುದಿಲ್ಲ. ಎಲ್ಲ ವರ್ಷವೂ ಇಷ್ಟಕ್ಕೇ ನಿಲ್ಲುವುದಿಲ್ಲ, ಕೀಟನಾಶಕ ಹೊಡೆಯಲೇಬೇಕಾದ ವರ್ಷ ಹೊಡೆಯುತ್ತೇನೆ. ಪೂರಾ ಸಾವಯವ ಅಂತ ಬೋರ್ಡು ಹಾಕಿಕೊಳ್ಳುವ ಆಸೆ ನನಗಿಲ್ಲ.

ಜೋಳಕ್ಕೆ ಬೇಕಾದದ್ದು ಎಡೆಕುಂಟಿ, ಅಂದರೆ ಸಾಲುಗಳ ನಡುವೆ ಕುಂಟಿ ಹೊಡೆಯುವುದು. ಡಿಸೆಂಬರಿನಲ್ಲಿ ಎರೆ ಮತ್ತೆ ಬಿರುಕು ಬಿಡಲು ಶುರು ಮಾಡುತ್ತದೆ. ಬಿರುಕಿನಿಂದ ತೇವ ಆರಿಹೋಗುತ್ತದೆ. ಎಡೆ ಹೊಡೆದರೆ ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ. ಟ್ರ್ಯಾಕ್ಟರ್ ಎಷ್ಟೇ ಬಂದಿದ್ದರೂ ಈ ಕೆಲಸಕ್ಕೆ ಎತ್ತುಗಳೇ ಬೇಕು. ಊರಲ್ಲಿ ಎತ್ತು ಕಟ್ಟಿದವರು ಕಡಿಮೆಯಾಗಿದ್ದಾರೆ, ಅವರಿಗೆ ಕಾಯಬೇಕು. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ (ಭೂತಾಯಿಗೆ ಎಡೆ) ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ ಉಂಡು ಬರುತ್ತೇವೆ. ಜನವರಿಯಲ್ಲಿ ತೆನೆ ಹಾಲುಗಾಳಾದಾಗ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು. ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿ ಬರುವ ಹೊತ್ತಿಗೆ ಕಡಲೆ ಬಲಿಯುತ್ತಾ ಬಂದಿರುತ್ತದೆ. ಕಡಲೆಯನ್ನು ಇಬ್ಬನಿ ಆರುವ ಮುಂಚೆ ಕಿತ್ತು ಮುಗಿಸಬೇಕು, ಬಿಸಿಲೇರಿದರೆ ಕಾಯಿ ಸಿಡಿದು ನೆಲದ ಪಾಲಾಗುತ್ತದೆ. ಫೆಬ್ರವರಿಯಲ್ಲಿ ಜೋಳ ಕೀಳುವುದು, ತೆನೆ ಮುರಿಯುವುದು, ಮಷೀನಿಗೆ ಹಾಕುವುದು. ಕಣಕಿ ಬಣವಿ ಒಟ್ಟಿದರೆ ಹೊಲದ ಕೆಲಸ ಮುಗಿಯಿತು.

ಮಾರ್ಚಿನಿಂದ ಮೇ ತನಕ ನನ್ನ ದೊಡ್ಡ ಬರವಣಿಗೆಯ ಕಾಲ. ನಸುಕಿನ ನಾಲ್ಕಕ್ಕೆ ಎದ್ದರೆ ಹತ್ತರ ತನಕ ತಲೆ ತಂಪಾಗಿರುತ್ತದೆ. ಆಮೇಲೆ ಬಿಸಿಲು 40 ಡಿಗ್ರಿ ದಾಟುತ್ತದೆ, ಏನೂ ಆಗುವುದಿಲ್ಲ. ಮಧ್ಯಾಹ್ನ ಕರಡು ಓದುವುದು, ಸಂಜೆ ಕಟ್ಟೆ ಮೇಲೆ ಹರಟೆ. ನವೆಂಬರ್, ಡಿಸೆಂಬರಿನಲ್ಲಿ ಸಣ್ಣ ಕೆಲಸಗಳು, ಅಂಕಣಗಳು. ಬೆಂಗಳೂರಿನಲ್ಲಿ ಹತ್ತಾರು ವರ್ಷ ಇದ್ದೂ ಮುಗಿಸಲಾಗದ ಅನುವಾದವನ್ನು ಇಲ್ಲಿ ಎರಡು ಬೇಸಿಗೆಯಲ್ಲಿ ಮುಗಿಸಿದೆ. ಇಲ್ಲಿ ಸ್ಫೂರ್ತಿ ಜಾಸ್ತಿ ಅಂತ ಅಲ್ಲ. ನಡುವೆ ಯಾರೂ ಕರೆಯುವುದಿಲ್ಲ, ಅಷ್ಟೇ.

ದುಡ್ಡಿನ ಮಾತು ಮುಚ್ಚಿಡಬಾರದು. ಒಳ್ಳೆಯ ವರ್ಷ ನನಗೆ ಎಕರೆಗೆ ಐದು ಕ್ವಿಂಟಲ್ ಕಡಲೆ ಬಂದಿದೆ. 2024–25ರಲ್ಲಿ ಬೆಳೆದ ಕಡಲೆಗೆ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ ಇತ್ತು. ನಾಲ್ಕೂ ಎಕರೆ ಕಡಲೆಯೇ ಹಾಕಿದರೂ ಒಂದು ಲಕ್ಷದ ಮೇಲೆ ಒಂದಿಷ್ಟು. ಅದರಲ್ಲಿ ಬೀಜ, ಟ್ರ್ಯಾಕ್ಟರ್, ಆಳು, ಔಷಧ, ಬಾಡಿಗೆ ಎಲ್ಲ ಕಳೆಯಬೇಕು. ಕಾಕಾನ ಕಡೆಯಿಂದ ಬರುವ ಪಾಲಿನ ಜೋಳ ನಮ್ಮಿಬ್ಬರ ರೊಟ್ಟಿಗೆ ವರ್ಷವಿಡೀ ಸಾಕು. ಅವ್ವ, ನಾನು, ಸ್ವಂತ ಮನೆ, ಬಾಡಿಗೆ ಇಲ್ಲ. ಉಳಿದ ಖರ್ಚು ನಡೆಯುವುದು ಬರವಣಿಗೆಯಿಂದ. ಮಳೆ ಕೈ ಕೊಟ್ಟ ವರ್ಷ ಇದೂ ಇಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವಲ್ಲ, ನಮ್ಮ ತಾಲ್ಲೂಕೂ ಅದರಲ್ಲಿ ಸೇರಿತ್ತು. ಬಿತ್ತಿದ ಬೀಜ ವಾಪಸ್ಸು ಬಂದರೆ ಪುಣ್ಯ ಅನ್ನುವ ಹಾಗಿತ್ತು. ಊರಿನ ಅರ್ಧ ಮನೆಗಳು ಬೀಗ ಹಾಕಿ ದುಡಿಯಲು ಹೋದವು. ನಮ್ಮ ಮನೆಗೆ ಬೀಗ ಬೀಳಲಿಲ್ಲ, ಯಾಕೆಂದರೆ ಹೊಲಕ್ಕೆ ಸಾಲ ಇರಲಿಲ್ಲ, ಕೈಯಲ್ಲಿ ಬೇರೆ ಕೆಲಸ ಇತ್ತು. ಬೆಂಗಳೂರಿನ ಕೆಲಸ ಪೂರಾ ಬಿಟ್ಟು, ಹೊಲ ಒಂದನ್ನೇ ನಂಬಿ ಬರುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಒಂದು ವರ್ಷದ ಊಟ ಬಟ್ಟೆಗೆ ಆಗುವಷ್ಟು ದುಡ್ಡು ಬ್ಯಾಂಕಿನಲ್ಲಿಟ್ಟು ಅದನ್ನು ಮುಟ್ಟದೆ ಬನ್ನಿ.

ಬೇರೆ ಅನುಕೂಲಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಬೈಲ್ ನೆಟ್ ಮನೆ ಮಾಳಿಗೆ ಮೇಲೆ ಚೆನ್ನಾಗಿ ಬರುತ್ತದೆ. ನಮ್ಮ ಕಡೆ ನೆಲದ ನೀರಿನಲ್ಲಿ ಫ್ಲೋರೈಡ್ ಇದೆ, ಕುಡಿಯಲು ಶುದ್ಧ ನೀರಿನ ಘಟಕದಿಂದಲೇ ತರಬೇಕು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಪ್ಪಳಕ್ಕೆ ಬಸ್ಸಿದೆ, 2023ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ಬೆಂಗಳೂರಿಗೆ ಹೋಗಬೇಕಾದರೆ ಕೊಪ್ಪಳದಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್.

ಬರೆಯುವವರು ಹಳ್ಳಿಗೆ ಬಂದರೆ ಹಳ್ಳಿಯನ್ನೇ ಬರೆಯುತ್ತಾರೆ. ಇದರ ಬಗ್ಗೆ ನನಗೊಂದು ನಿಲುವಿದೆ. ಹೊಲದಲ್ಲಿ ಕಳೆ ತೆಗೆಯುವಾಗ ಸಾಲಿನಲ್ಲಿ ಕೂತ ಹೆಣ್ಣುಮಕ್ಕಳು ಎಲ್ಲ ಮಾತಾಡುತ್ತಾರೆ. ಗಂಡನ ಕುಡಿತ, ಸಂಘದ ಸಾಲ, ಮಗಳ ಮನೆಯ ತೊಂದರೆ. ಕೈ ಕೆಲಸ ಮಾಡುತ್ತಿರುತ್ತದೆ, ಕಣ್ಣು ನೆಲದ ಮೇಲಿರುತ್ತದೆ, ಹಾಗಾಗಿ ಬಾಯಿ ಬಿಚ್ಚುತ್ತದೆ. ಒಂದು ದಿನ ಒಬ್ಬಾಕೆ ಕಳೆ ತೆಗೆಯುವ ಕುರ್ಚಿಗೆಯನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿ, "ಅಕ್ಕಾ, ಇದನ್ನೆಲ್ಲಾ ಪೇಪರಿನಾಗ ಹಾಕ್ತೀ ಏನ?" ಅಂತ ಕೇಳಿದಳು. "ಇಲ್ಲವ್ವಾ" ಅಂದೆ. ಆ ಮಾತಿಗೆ ಇವತ್ತಿನವರೆಗೂ ತಪ್ಪಿಲ್ಲ. ಅವರು ನನ್ನ ಜೊತೆ ದುಡಿಯುವವರು, ನನಗೆ ಸಾಮಗ್ರಿ ಒದಗಿಸುವವರಲ್ಲ. ಮಳೆ, ಮಣ್ಣು, ಬೆಲೆ, ಪಹಣಿ, ಇವನ್ನು ಎಷ್ಟು ಬೇಕಾದರೂ ಬರೆಯುತ್ತೇನೆ. ಸಾಲಿನಲ್ಲಿ ಕೇಳಿದ್ದು ಸಾಲಿನಲ್ಲೇ ಉಳಿಯುತ್ತದೆ. ಇದರಿಂದ ನನ್ನ ಬರವಣಿಗೆ ಬಡವಾಗಿಲ್ಲ. ಕೂಲಿ ವಿಷಯದಲ್ಲೂ ಅಷ್ಟೇ, ಸಂಜೆ ಕೆಲಸ ಬಿಡುವಾಗಲೇ ಕೈಗೆ ಕೊಡುತ್ತೇನೆ, ಸಂತೆ ದಿನದ ತನಕ ಕಾಯಿಸುವುದಿಲ್ಲ. ಬಿತ್ತನೆಯ ಆ ಎರಡು ಮೂರು ದಿನ ಇಡೀ ಊರು ಆಳಿಗಾಗಿ ಓಡಾಡುವಾಗ ನನ್ನ ಹೊಲಕ್ಕೆ ಅವರು ತಾವಾಗಿಯೇ ಬರುತ್ತಾರೆ.

ಈಗ ನಮ್ಮ ತಲೆಯಲ್ಲಿರುವುದು ಕೃಷಿಹೊಂಡ. ಹೊಲದ ಈಶಾನ್ಯ ಮೂಲೆ ತಗ್ಗಿದೆ, ಸೆಪ್ಟೆಂಬರಿನ ಜೋರು ಮಳೆಯಲ್ಲಿ ನೀರೆಲ್ಲ ಅಲ್ಲಿ ಸೇರಿ, ಬದು ಒಡೆದು ಹಳ್ಳಕ್ಕೆ ಹೋಗುತ್ತದೆ. ಕಾಕಾ ಹೇಳಿದ "ನೀರು ನಿಲ್ಲುವ ಜಾಗ" ಅದೇ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೆಗೆಸಿ, ಬದಿಗಳನ್ನು ಇಳಿಜಾರು ಬಿಟ್ಟರೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಮಸಾರಿಯಲ್ಲಾದರೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಎರೆ ಮಣ್ಣು ನೀರು ಇಂಗಿಹೋಗಲು ಅಷ್ಟಾಗಿ ಬಿಡುವುದಿಲ್ಲ. ಒಂದು ಎಕರೆಗೆ ಎರಡು ಇಂಚು ನೀರು ಹಾಯಿಸಬೇಕೆಂದರೆ ಎರಡು ಲಕ್ಷ ಲೀಟರ್ ಬೇಕು. ಆವಿಯಾಗಿ ಹೋದದ್ದನ್ನು ಕಳೆದರೂ, ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಸ್ಪ್ರಿಂಕ್ಲರ್ ಹಚ್ಚಿ ಮೂರು ನಾಲ್ಕು ಎಕರೆಗೆ ಒಂದು ಸಲ ಕೊಡಬಹುದು. ಆ ಒಂದು ನೀರಿನಿಂದ ಇಳುವರಿಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಪಕ್ಕದ ಹೊಲದಲ್ಲಿ ನೋಡಿದ್ದೇವೆ. ಕೃಷಿಭಾಗ್ಯ ಯೋಜನೆಯಲ್ಲಿ ಸಹಾಯಧನಕ್ಕೆ ಅರ್ಜಿ ಹಾಕಿದ್ದೇನೆ. ಸುತ್ತ ತಂತಿ ಬೇಲಿ ಆಗಲೇಬೇಕು ಅಂತ ನಾನೇ ಹಟ ಹಿಡಿದಿದ್ದೇನೆ, ಯಾಕೆಂದರೆ ಅದೇ ದಾರಿಯಲ್ಲಿ ಕುರಿ ಕಾಯುವ ಹುಡುಗರು ಓಡಾಡುತ್ತಾರೆ, ಅವರಲ್ಲಿ ಒಬ್ಬನಿಗೂ ಈಜು ಬರುವುದಿಲ್ಲ. ಜೋಳದ ರಾಶಿ ಮುಗಿದ ಕೂಡಲೇ, ಯುಗಾದಿಗೆ ಮುಂಚೆ, ಜೆಸಿಬಿ ತರಿಸುವುದು ಅಂತ ಕಾಕಾ ಮತ್ತು ನಾನು ಮಾತಾಡಿಕೊಂಡಿದ್ದೇವೆ. ತೆಗೆದ ಮಣ್ಣನ್ನು ಅವರ ಕಡೆಯ ಒಡೆದ ಬದುವಿಗೆ ಹಾಕಿಸಬೇಕು.